ಎಡಕ್ಕೆ ತಿರುಗಿದರೆ ಹಾರ್ನ್

ನಮ್ಮ ಸೋದರಮಾವನ ಯೆಜ್ಡಿ ಬೈಕು ಎಡಕ್ಕೆ ತಿರುಗಿದಾಗಲೆಲ್ಲ ತಾನಾಗಿಯೇ ಹಾರ್ನ್ ಹೊಡೆಯುತ್ತಿತ್ತು. ಬಲಕ್ಕೆ ತಿರುಗಿದರೆ ಗಪ್‌ಚಿಪ್. ಮಾವ ಇದನ್ನು ರಿಪೇರಿಯ ಕೇಸು ಅಂತ ಒಪ್ಪಿದವರೇ ಅಲ್ಲ. "ತಿರುವಿನಲ್ಲಿ ಹಾರ್ನ್ ಮಾಡಬೇಕು ಅಂತ ಅದಕ್ಕೇ ಗೊತ್ತು ಕಣೋ" ಅನ್ನುತ್ತಿದ್ದರು. ಒಂದು ದಿನ ಶವಯಾತ್ರೆಯ ಪಕ್ಕದಲ್ಲೇ ಎಡಕ್ಕೆ ತಿರುಗಬೇಕಾಗಿ ಬಂತು. ಆಮೇಲೆ ಒಪ್ಪಿದರು.

ಗುಟ್ಟು ಇಷ್ಟೇ. ಈ ಗಾಡಿಯಲ್ಲಿ ಕೀ ಹಾಕಿದೊಡನೆ ಹಾರ್ನಿನವರೆಗೆ ಕರೆಂಟು ಬಂದು ಕಾಯುತ್ತಿರುತ್ತದೆ. ಬಟನ್ ಮಾಡುವುದು ಅರ್ತಿಂಗ್ ಕೊಡುವ, ಅಂದರೆ ಹಾರ್ನಿನಿಂದ ಬಂದ ವೈರನ್ನು ಗಾಡಿಯ ಲೋಹದ ಚಾಸಿಗೆ ತಾಗಿಸುವ ಕೆಲಸ ಮಾತ್ರ. ಹ್ಯಾಂಡಲ್ ಬುಡದಲ್ಲಿ ಆ ವೈರಿನ ಸಿಪ್ಪೆ ಸವೆದು, ಎಡಕ್ಕೆ ತಿರುಗಿದಾಗ ಒಳಗಿನ ತಾಮ್ರ ಚಾಸಿಗೆ ತಾಗಿತೋ, ಬಟನ್ನಿನ ಹಂಗೇ ಇಲ್ಲ.

ಹೊಸ ವೈರಿಂಗ್ ಸೆಟ್ಟೇ ಹಾಕಿಬಿಡೋಣ ಅಂತ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. "ಯಾವ ಮಾಡೆಲ್ ಸಾರ್?" ಅಂದ ಅಂಗಡಿಯವ. ಅದೇ ಕಷ್ಟದ ಪ್ರಶ್ನೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿಂದೀಚೆಗೆ ಈ ಗಾಡಿ ಕಂಡವರ ಅಂಗಾಂಗ ದಾನದಿಂದ ಜೀವ ಹಿಡಿದಿದೆ. ಹಿಂದಿನ ಲೈಟು ಬುಲೆಟ್ಟಿನದು, ಸ್ವಿಚ್ಚು ಯಾವುದೋ ಮೊಪೆಡ್ಡಿನದು. ಮಾವ ವಂಶಾವಳಿ ಹೇಳಿ ಮುಗಿಸುವಷ್ಟರಲ್ಲಿ ಅಂಗಡಿಯವ ಇನ್ನೊಬ್ಬ ಗಿರಾಕಿಗೆ ಕ್ಲಚ್ ಪ್ಲೇಟ್ ಮಾರಿದ್ದ.

ಸರಿ, ನಾವೇ ಮಾಡುವುದೆಂದಾಯಿತು. ಹಳೆಯದನ್ನು ಬಿಚ್ಚಿದರೆ ಒಳಗೊಂದು ಇತಿಹಾಸ. ಒಬ್ಬೊಬ್ಬ ಮೆಕ್ಯಾನಿಕ್ಕೂ ತನ್ನ ಹತ್ತಿರವಿದ್ದ ಬಣ್ಣದ ತುಂಡು ಜೋಡಿಸಿದ್ದ. ಹೆಡ್‌ಲೈಟಿನಿಂದ ಕೆಂಪಗೆ ಹೊರಟ ವೈರು ಟ್ಯಾಂಕಿನ ಕೆಳಗೆ ಹಸಿರಾಗಿ, ಸೀಟಿನ ಹತ್ತಿರ ಮನೆ ವೈರಿಂಗಿನ ಗಟ್ಟಿ ತಂತಿಯಾಗಿ ಮುಗಿದಿತ್ತು. ಫ್ಯೂಸ್ ಇರಬೇಕಾದ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ಗಾಡಿ ಇನ್ನೂ ಸುಟ್ಟುಹೋಗಿಲ್ಲವಲ್ಲ ಅಂತ ನಾನು ಚಾಮುಂಡಿ ಬೆಟ್ಟದ ಕಡೆ ಕೈ ಮುಗಿದೆ.

ಮಕ್ಕಳ ಕೇರಂ ಬೋರ್ಡು ನಮ್ಮ ಕಾರ್ಖಾನೆಯಾಯಿತು. ಹಳೆಯ ವೈರುಗಳನ್ನು ಅದರ ಮೇಲೆ ಹರವಿ, ಕವಲೊಡೆಯುವ ಕಡೆಯೆಲ್ಲ ಮೊಳೆ ಹೊಡೆದು, ಅದೇ ದಾರಿಯಲ್ಲಿ ಹೊಸ ವೈರು ಎಳೆದೆವು. ಹ್ಯಾಂಡಲ್ ಹತ್ತಿರ ಮಾತ್ರ ಧಾರಾಳವಾಗಿ ಉದ್ದ ಬಿಟ್ಟೆವು. ದಪ್ಪದ ಬಗ್ಗೆ ಜಗಳವಾಯಿತು. ಇದು 6 ವೋಲ್ಟಿನ ಗಾಡಿ. 36 ವ್ಯಾಟಿನ ಬಲ್ಬು 12 ವೋಲ್ಟಿಗೆ 3 ಆಂಪಿಯರ್ ಎಳೆದರೆ 6ಕ್ಕೆ 6 ಎಳೆಯುತ್ತದೆ. ವೈರು ಸಣ್ಣದಾದರೆ ಕರೆಂಟು ದಾರಿಯಲ್ಲೇ ಸೊರಗಿ ಹೆಡ್‌ಲೈಟು ಹಣತೆಯಂತಾಗುತ್ತದೆ. ಮಾವ "ನೋಡೋಕೆ ಚೆಂದ" ಅಂತ ತಂದಿದ್ದ ಸಪೂರ ವೈರು ಕೊನೆಗೆ ಸೀರಿಯಲ್ ಸೆಟ್ಟಿಗೆ ಹೋಯಿತು.

ವೈರುಗಳ ಕಟ್ಟು ಕೊಳವೆಯಂಥ ಕರಿ ಸ್ಲೀವಿನೊಳಗೆ ಜಪ್ಪಯ್ಯ ಅಂದರೂ ಜಾರಲಿಲ್ಲ. ಪೌಡರ್ ಹಾಕಿದರೆ ಜಾರುತ್ತೆ ಅಂದೆ. ಮಾವ ಅತ್ತೆಯ ಗಂಧದ ಪೌಡರ್ ಡಬ್ಬವನ್ನೇ ಮಗುಚಿದರು. ಮೂರನೇ ಮನೆಯವರೆಗೆ ಘಮಘಮ. ಆದರೆ ಮಾವ ಮೊದಲೇ ವೈರಿನ ತುದಿಗಳಿಗೆಲ್ಲ ಲಗ್ಗು, ಅಂದರೆ ಜೋಡಣೆಯ ಲೋಹದ ತುಣುಕು, ಒತ್ತಿ ಇಟ್ಟಿದ್ದರು. ಅವು ಸ್ಲೀವಿನ ಬಾಯಲ್ಲೇ ಕಚ್ಚಿಕೊಂಡು ನಿಂತವು. ಎಳೆದಾಟದಲ್ಲಿ ಸ್ಲೀವು ಉದ್ದಕ್ಕೂ ಸೀಳಿತು.

ಡಬ್ಬ ಹುಡುಕುತ್ತ ಬಂದ ಅತ್ತೆ ಬಯ್ಯಲಿಲ್ಲ, ಅದೇ ಭಯವಾಯಿತು. ಬೋರ್ಡಿನ ಮುಂದೆ ಕೂತು, "ಇದನ್ನ ಕಟ್ಟೋಕೆ ಕೊಳವೆ ಯಾಕ್ರೀ?" ಅಂದವರೇ ಹೂ ಕಟ್ಟುವ ದಾರದುಂಡೆ ತೆಗೆದುಕೊಂಡರು. ಬೆರಳಿಗೊಂದು ಸುತ್ತು, ವೈರಿನಡಿ ಒಂದು ಕುಣಿಕೆ, ಚಕ್ಕನೆ ಬಿಗಿತ. ಅರ್ಧ ಅಂಗುಲಕ್ಕೊಂದು ಗಂಟು ಬೀಳುತ್ತ ಕವಲು ಕವಲಿಗೂ ತಿರುಗಿ ಹೋಯಿತು. ಒಂದು ಗಂಟೂ ಸಡಿಲವಿಲ್ಲ. ಸ್ಲೀವು, ಟೇಪು ಬರುವ ಮುಂಚೆ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲೂ ವೈರಿನ ಕಟ್ಟನ್ನು ಮೇಣದ ದಾರದಲ್ಲಿ ಹೀಗೇ ಕಟ್ಟುತ್ತಿದ್ದರು ಅಂತ ಹೇಳಹೊರಟೆ. "ಆ ತುದಿ ಬಿಗಿಯಾಗಿ ಹಿಡ್ಕೊ" ಅಂದರು ಅತ್ತೆ.

ಈಗ ಗಾಡಿ ಒತ್ತಿದರೆ ಮಾತ್ರ ಕೂಗುತ್ತದೆ. ಜುಲೈ ತಿಂಗಳ ಎರಡನೇ ಭಾನುವಾರ, ಈ ಗಾಡಿಗಳ ಅಭಿಮಾನಿಗಳೆಲ್ಲ ಸೇರುವ ಜಾವಾ-ಯೆಜ್ಡಿ ದಿನಕ್ಕೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡೇ ಮಾವ ಹೋದರು. ಕೇಳಿದವರಿಗೂ ಕೇಳದವರಿಗೂ ಸೀಟು ಎತ್ತಿ ತೋರಿಸಿದ್ದೇ ತೋರಿಸಿದ್ದು. ಹುಡುಗನೊಬ್ಬ ಬಗ್ಗಿ ನೋಡಿ, "ಸೂಪರ್ ಅಂಕಲ್, ಇದನ್ನ ಎಲ್ಲಿ ಮಾಡಿಸಿದ್ರಿ? ಎಷ್ಟಾಯ್ತು?" ಅಂದ. ಮಾವ ಎದೆಯುಬ್ಬಿಸಿ ಬಾಯಿ ತೆಗೆಯುವ ಮುಂಚೆಯೇ ಹಿಂದಿನಿಂದ ದನಿ ಬಂತು:

"ಮೊಳಕ್ಕೆ ಐವತ್ತು ಅಂತ ಹೇಳ್ರೀ."