ಹಾಯಿದೋಣಿ ಕೊಂಡಿರಾ? ಮೊದಲು ನಿಲ್ಲಿಸುವುದನ್ನು ಕಲಿಯಿರಿ

ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ನಮ್ಮ ಕನ್ನಡದವರೂ ಒಬ್ಬೊಬ್ಬರಾಗಿ ಸಣ್ಣ ಹಾಯಿದೋಣಿ ಕೊಳ್ಳಲು ಶುರು ಮಾಡಿದ್ದಾರೆ. ನನಗೆ ಇದು ತುಂಬಾ ಖುಷಿಯ ವಿಷಯ. ಹಳೆಯ ಕ್ಯಾಟಲಿನಾ 22 ಕೆಲವು ಸಾವಿರ ಡಾಲರ್‌ಗೆ ಸಿಗುತ್ತದೆ. ದೊಡ್ಡ ಗಾಡಿ ಇದ್ದರೆ ಟ್ರೇಲರ್ ಮೇಲೆ ಮನೆಗೇ ತಂದುಕೊಳ್ಳಬಹುದು. ಕೊಂಡವರು ಫೋನ್ ಮಾಡಿ ಹೆಚ್ಚಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ಸ್ಪೀಡ್ ಹೋಗುತ್ತೆ? ಗೋಲ್ಡನ್ ಗೇಟ್ ಸೇತುವೆ ಕೆಳಗೆ ಯಾವಾಗ ಹೋಗಬಹುದು? ಇದನ್ನು ನಿಲ್ಲಿಸೋದು ಹೇಗೆ ಅಂತ ಕೇಳುವವರು ಬಹಳ ಕಮ್ಮಿ. ನನ್ನ ಅಭಿಪ್ರಾಯದಲ್ಲಿ ಮೊದಲ ಸೀಸನ್ ಪೂರ್ತಿ ಕಲಿಯಬೇಕಾದದ್ದು ಅದೊಂದನ್ನೇ. ಈ ಮಾತನ್ನು ಸ್ವಲ್ಪ ವಿವರವಾಗಿ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಹಾಯಿದೋಣಿಗೆ ಬ್ರೇಕ್ ಇಲ್ಲ. ಕ್ಯಾಟಲಿನಾ 22 ನೋಡಲು ಚಿಕ್ಕದು, ಆದರೆ ತೂಕ ಒಂದು ಟನ್ ಆಸುಪಾಸು. ಅದು ನಡೆದಾಡುವ ವೇಗದಲ್ಲಿ ಡಾಕ್ ಕಡೆ, ಅಂದರೆ ದೋಣಿ ಕಟ್ಟುವ ಕಟ್ಟೆಯ ಕಡೆ, ಬರುತ್ತಿದ್ದರೂ ಕೈಯಲ್ಲಿ ತಡೆಯಲು ಆಗುವುದಿಲ್ಲ. ಕಾಲು ಚಾಚಿ ತಡೆಯಲು ಹೋದರೆ ಕಾಲು ಮುರಿಯುತ್ತದೆ. ಎಂಜಿನ್ ಇದೆಯಲ್ಲ, ರಿವರ್ಸ್ ಹಾಕಿದರಾಯಿತು ಅನ್ನಬಹುದು. ಹಿಂದೆ ನೇತುಹಾಕಿದ ಹಳೆಯ ಔಟ್‌ಬೋರ್ಡ್ ಎಂಜಿನ್ ಬೇಕಾದ ಕ್ಷಣದಲ್ಲೇ ಸ್ಟಾರ್ಟ್ ಆಗುತ್ತದೆ ಅಂತ ನಂಬಿ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಸರ್ಕಾರ ನಿಮಗೆ ಇದನ್ನು ಕಲಿಸುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೋಟಾರ್ ಇರುವ ದೋಣಿ ನಡೆಸಲು 2025ರ ಜನವರಿ 1ರಿಂದ ಎಲ್ಲ ವಯಸ್ಸಿನವರಿಗೂ ಬೋಟರ್ ಕಾರ್ಡ್ ಬೇಕು. ಆನ್‌ಲೈನ್‌ನಲ್ಲೇ ಓದಿ ಪರೀಕ್ಷೆ ಬರೆದು ಅದನ್ನು ತೆಗೆದುಕೊಳ್ಳಬಹುದು. ಓದಲೇಬೇಕಾದ ವಿಷಯಗಳೇ ಅದರಲ್ಲಿವೆ. ಆದರೆ ನೀರಿಗಿಳಿದು ದೋಣಿ ನಿಲ್ಲಿಸಿ ತೋರಿಸಿ ಅಂತ ಯಾರೂ ಕೇಳುವುದಿಲ್ಲ. ಹಾಯಿ ಮಾತ್ರ ಇರುವ ಪುಟ್ಟ ದೋಣಿಗೆ ಆ ಕಾರ್ಡ್ ಕೂಡ ಬೇಡ. ದುಡ್ಡು ಕೊಟ್ಟು ಕಾಗದಕ್ಕೆ ಸಹಿ ಹಾಕಿದ ದಿನವೇ ನೀವು ಕ್ಯಾಪ್ಟನ್. ಹಾಗಾಗಿ ಕಲಿಯುವ ಹೊಣೆ ಪೂರ್ತಿ ನಿಮ್ಮದೇ.

ನಿಲ್ಲಿಸುವ ಮೊದಲ ಪಾಠ ತುಂಬಾ ಸರಳ. ದೋಣಿ ಎದುರುಗಾಳಿಗೆ ಓರೆಯಾಗಿ ಹೋಗುತ್ತಿರುವಾಗ, ಅಥವಾ ಗಾಳಿ ಪಕ್ಕದಿಂದ ಬರುತ್ತಿರುವಾಗ, ಹಾಯಿ ಬಿಗಿ ಹಿಡಿದ ಹಗ್ಗವನ್ನು ಬಿಟ್ಟುಬಿಡಿ. ಇಲ್ಲಿ ಆ ಹಗ್ಗಕ್ಕೆ ಶೀಟ್ ಅನ್ನುತ್ತಾರೆ. ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಗಾಳಿ ಸೋರಿಹೋಗುತ್ತದೆ, ದೋಣಿ ನಿಧಾನವಾಗುತ್ತದೆ. ಆ ಸದ್ದಿಗೆ ಹೊಸಬರು ಹೆದರುತ್ತಾರೆ. ಏನೋ ಹರಿದುಹೋಯಿತು ಅಂದುಕೊಂಡು ಹಗ್ಗವನ್ನು ಮತ್ತೆ ಎಳೆಯುತ್ತಾರೆ. ಎಳೆದ ಕೂಡಲೇ ದೋಣಿ ವಾಲಿಕೊಂಡು ಮತ್ತೆ ಓಡುತ್ತದೆ. ಆದ್ದರಿಂದ ಮೊದಲ ದಿನವೇ ಬೇಕಂತಲೇ ಹಗ್ಗ ಬಿಟ್ಟು ಸುಮ್ನೆ ಕೂತು ಆ ಸದ್ದು ಕೇಳಿಸಿಕೊಳ್ಳಿ. ಸಣ್ಣ ದೋಣಿಯ ಮಟ್ಟಿಗೆ ಅದಕ್ಕಿಂತ ಸಮಾಧಾನದ ಸದ್ದು ಇನ್ನೊಂದಿಲ್ಲ.

ಆದರೆ ಗಾಳಿ ಹಿಂದಿನಿಂದ ಬರುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ. ಇದನ್ನು ಯಾರೂ ಬೇಗ ಹೇಳಿಕೊಡುವುದಿಲ್ಲ. ಹಗ್ಗ ಎಷ್ಟು ಬಿಟ್ಟರೂ, ಹಾಯಿಯ ಕೆಳಗಿನ ಅಡ್ಡಮರ, ಅಂದರೆ ಬೂಮ್, ಹಾಯಿಕಂಬ ಹಿಡಿದ ಪಕ್ಕದ ತಂತಿಗೆ ತಾಗಿ ಅಲ್ಲೇ ನಿಂತುಬಿಡುತ್ತದೆ. ಹಾಯಿಯ ತುಂಬ ಗಾಳಿ ಇದ್ದೇ ಇರುತ್ತದೆ. ದೋಣಿಯ ಮೂತಿಯನ್ನು ಗಾಳಿಯ ಕಡೆ ತಿರುಗಿಸಿಕೊಂಡರೆ ಮಾತ್ರ ಹಾಯಿ ಖಾಲಿಯಾಗುತ್ತದೆ. ಅಷ್ಟರಲ್ಲಿ ಸ್ವಲ್ಪ ಅಡ್ಡಾದಿಡ್ಡಿ ಹೋದರೆ ಗಾಳಿ ಹಾಯಿಯ ಇನ್ನೊಂದು ಬದಿಗೆ ನುಗ್ಗಿ, ಬೂಮ್ ಒಂದೇ ಏಟಿಗೆ ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ. ದಾರಿಯಲ್ಲಿ ತಲೆ ಸಿಕ್ಕಿದರೆ ತಲೆಗೇ ಬೀಳುತ್ತದೆ.

ಹಿಂಗಾಳಿಯಲ್ಲಿ ಮೋಸ ಇನ್ನೊಂದಿದೆ. ಗಾಳಿ 15 ನಾಟ್ ಇದೆ ಅಂದುಕೊಳ್ಳಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಅದರ ಜೊತೆಗೇ ನೀವು 5 ನಾಟ್ ವೇಗದಲ್ಲಿ ಹೋಗುತ್ತಿದ್ದರೆ ನಿಮ್ಮ ಮೈಗೆ ತಾಗುವುದು 10 ನಾಟ್ ಮಾತ್ರ. ಬಿಸಿಲು ಹಿತವಾಗಿರುತ್ತದೆ, ಎಲ್ಲರೂ ನಗುತ್ತಿರುತ್ತಾರೆ. ವಾಪಸ್ ಬರೋಣ ಅಂತ ತಿರುಗಿಸಿದ ಕ್ಷಣ ಅದೇ ಗಾಳಿ 19 ನಾಟ್ ಹತ್ತಿರ ಬಡಿಯುತ್ತದೆ. ಗಾಳಿಯ ಬಲ ವೇಗದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತದೆ. ಅಂದರೆ ಹಾಯಿಯ ಮೇಲೆ ಮೂರೂವರೆ ಪಟ್ಟು ಹೆಚ್ಚು ಒತ್ತಡ. ಗಾಳಿ ಹೆಚ್ಚಿಲ್ಲ, ದಿಕ್ಕು ಬದಲಾಗಿದೆ ಅಷ್ಟೇ. ಅದಕ್ಕೇ ಹೊಸಬರಿಗೆ ನಾನು ಹೇಳುವುದು, ಮೊದಲು ಎದುರುಗಾಳಿಗೆ ಹೋಗಿ, ಸುಸ್ತಾದ ಮೇಲೆ ಹಿಂಗಾಳಿಯಲ್ಲಿ ಮನೆ ಸೇರಿ. ಉಲ್ಟಾ ಮಾಡಬೇಡಿ.

ಗಾಳಿ ಜಾಸ್ತಿಯಾಗುವ ಮುಂಚೆಯೇ ಹಾಯಿಯ ಕೆಳಭಾಗವನ್ನು ಇಳಿಸಿ, ಮಡಚಿ ಕಟ್ಟಿ ಹಾಯಿಯನ್ನು ಚಿಕ್ಕದು ಮಾಡುವುದಕ್ಕೆ ರೀಫ್ ಮಾಡುವುದು ಅನ್ನುತ್ತಾರೆ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನ ಡ್ರೈವರ್ ತಿರುವಿಗೆ ಬಂದ ಮೇಲೆ ಗೇರ್ ಇಳಿಸುವುದಿಲ್ಲ, ಮೊದಲೇ ಇಳಿಸಿರುತ್ತಾರೆ ಅಲ್ವಾ? ರೀಫ್ ಕೂಡ ಹಾಗೇ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣತೊಡಗಿದರೆ ಗಾಳಿ 12 ನಾಟ್ ಆಸುಪಾಸು ಬಂತು ಅಂತ ಲೆಕ್ಕ. ಹೊಸಬರು ಅಲ್ಲೇ ರೀಫ್ ಮಾಡಲಿ. ಇನ್ನೂ ಒಳ್ಳೆಯದೆಂದರೆ ಡಾಕ್ ಬಿಡುವ ಮುಂಚೆಯೇ ಕಟ್ಟಿಕೊಂಡು ಹೊರಡುವುದು. ಗಾಳಿ ಕಮ್ಮಿ ಇದ್ದರೆ ಬಿಚ್ಚುವುದು ಸುಲಭ. ಗಾಳಿ ಏರಿದ ಮೇಲೆ ಅಲುಗಾಡುವ ದೋಣಿಯ ಮೇಲೆ ನಿಂತು ಕಟ್ಟುವುದು ಬಹಳ ಕಷ್ಟ.

ಇಲ್ಲಿಯ ಗಾಳಿಯ ಬಗ್ಗೆಯೂ ಹೇಳಬೇಕು. ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು, ಅಲ್ಲಿಯ ಗಾಳಿ ಮೇಲಕ್ಕೇಳುತ್ತದೆ. ಅದರ ಜಾಗ ತುಂಬಲು ಸಮುದ್ರದ ತಣ್ಣನೆಯ ಗಾಳಿ ಒಳಗೆ ನುಗ್ಗುತ್ತದೆ. ಬೆಟ್ಟಸಾಲಿನಲ್ಲಿ ಅದಕ್ಕೆ ದೊಡ್ಡ ಕಿಂಡಿ ಇರುವುದು ಗೋಲ್ಡನ್ ಗೇಟ್ ಒಂದೇ. ಬೆಳಿಗ್ಗೆ ನೀರು ಕನ್ನಡಿಯಂತಿರುತ್ತದೆ. ಮಧ್ಯಾಹ್ನ ಮೂರು, ನಾಲ್ಕು ಗಂಟೆಗೆ ಅದೇ ಜಾಗದಲ್ಲಿ 20ರಿಂದ 25 ನಾಟ್ ಗಾಳಿ ಸಾಮಾನ್ಯ. ಇದರ ಜೊತೆಗೆ ಭರತ ಇಳಿತದ ಸೆಳೆತ. ಜೋರು ಇಳಿತದ ದಿನ ಸೇತುವೆಯ ಕೆಳಗೆ ನೀರು 4 ನಾಟ್ ದಾಟಿ ಸಮುದ್ರದ ಕಡೆ ಹರಿಯುತ್ತದೆ. ನಿಮ್ಮ ಕ್ಯಾಟಲಿನಾ 22 ಒಳ್ಳೆಯ ಗಾಳಿಯಲ್ಲಿ ಹೋಗುವುದೇ 5 ನಾಟ್. ಆಗ ಹಾಯಿ ತುಂಬಿ, ನೊರೆ ಎಬ್ಬಿಸಿಕೊಂಡು ಹೋಗುತ್ತಿದ್ದೀರಿ ಅನಿಸುತ್ತದೆ. ದಡ ನೋಡಿದರೆ ಇದ್ದಲ್ಲೇ ಇದ್ದೀರಿ. ಹೊರಗೆ ಹೋಗುವ ನೀರಿಗೆ ಒಳಬರುವ ಗಾಳಿ ಎದುರಾದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಸಣ್ಣ ದೋಣಿಗೆ ಅದು ತುಂಬಾ ಕೆಟ್ಟ ಜಾಗ.

ಇನ್ನು ಈ ಬರಹಕ್ಕೆ ಕಾರಣವಾದ ವಿಷಯಕ್ಕೆ ಬರುತ್ತೇನೆ. ಜೂನ್, ಜುಲೈ ಬಂತೆಂದರೆ ಊರಿನಿಂದ ಅಪ್ಪ, ಅಮ್ಮ, ಅತ್ತೆ, ಮಾವ ಬರುತ್ತಾರೆ. ಅವರನ್ನು ಹೊಸ ದೋಣಿಯಲ್ಲಿ ಕೂರಿಸಿಕೊಂಡು ಸೇತುವೆ ತೋರಿಸಬೇಕು ಅಂತ ಮಕ್ಕಳಿಗೆ ಆಸೆ. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಕೈಮುಗಿದು ಕೇಳಿಕೊಳ್ಳುತ್ತೇನೆ, ಮೊದಲ ಸೀಸನ್‌ನಲ್ಲಿ ಬೇಡ. ಅವರಲ್ಲಿ ಹೆಚ್ಚಿನವರಿಗೆ ಈಜು ಬರುವುದಿಲ್ಲ. ಇಲ್ಲಿಯ ನೀರು ಬೇಸಿಗೆಯಲ್ಲೂ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಂಥ ನೀರಿಗೆ ದಿಢೀರನೆ ಬಿದ್ದರೆ ಉಸಿರು ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಮುಗಿಯಿತು. ತಣ್ಣೀರಿನ ಬಗ್ಗೆ ಇಲ್ಲಿ ಕಲಿಸುವ ಒಂದು ಲೆಕ್ಕ ಇದೆ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಉಪಯೋಗಕ್ಕೆ ಬರುವುದು 10 ನಿಮಿಷ, ಮೈ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು 1 ಗಂಟೆ. ಲೈಫ್ ಜಾಕೆಟ್ ಇಲ್ಲದವರಿಗೆ ಆ ಒಂದು ಗಂಟೆ ಸಿಗುವುದೇ ಇಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ವರ್ಷವರ್ಷ ಕೊಡುವ ವರದಿಗಳಲ್ಲಿ ಒಂದು ಮಾತು ಬದಲಾಗುವುದಿಲ್ಲ. ದೋಣಿ ಅಪಘಾತದಲ್ಲಿ ಮುಳುಗಿ ಸತ್ತವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಮಂದಿ ಲೈಫ್ ಜಾಕೆಟ್ ಹಾಕಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 13 ವರ್ಷದ ಒಳಗಿನ ಮಕ್ಕಳಿಗೆ ಅದು ಕಡ್ಡಾಯ. ನಿಮ್ಮ ದೋಣಿಯಲ್ಲಿ ಎಪ್ಪತ್ತು ವರ್ಷದವರಿಗೂ ನೀವೇ ಕಡ್ಡಾಯ ಮಾಡಿ. ಫೋಟೋ ತೆಗೆಯುವಾಗಲೂ ಬಿಚ್ಚಿಸಬೇಡಿ.

ಯಾರಾದರೂ ನೀರಿಗೆ ಬಿದ್ದರೆ ಕ್ಯಾಪ್ಟನ್ ಮಾಡಬೇಕಾದ ಕೆಲಸವೂ ನಿಲ್ಲಿಸುವುದೇ. ಬಿದ್ದವರ ಪಕ್ಕದಲ್ಲಿ, ಕೈಗೆ ಸಿಗುವಷ್ಟು ಹತ್ತಿರ, ಅವರಿಗೆ ಬಡಿಯದ ಹಾಗೆ. ಇದಕ್ಕೆ ಅಭ್ಯಾಸ ಸುಲಭ. ತೇಲುವ ಸೀಟ್ ಕುಶನ್ ಒಂದನ್ನು ನೀರಿಗೆ ಎಸೆಯಿರಿ. ಒಬ್ಬರು ಅದರಿಂದ ಕಣ್ಣು ತೆಗೆಯದೆ ಕೈ ತೋರಿಸುತ್ತಲೇ ಇರಲಿ. ಸ್ವಲ್ಪ ದೂರ ಹೋಗಿ ತಿರುಗಿ, ಗಾಳಿ ಹೋಗುವ ಕಡೆಯಿಂದ ಓರೆಯಾಗಿ ಅದರ ಹತ್ತಿರ ಬನ್ನಿ. ಹಗ್ಗ ಬಿಡಿ, ಹಾಯಿ ಬಡಿದುಕೊಳ್ಳಲಿ, ದೋಣಿ ಕುಶನ್ ಪಕ್ಕದಲ್ಲೇ ನಿಲ್ಲಬೇಕು. ಮೊದಮೊದಲು ಮುಂದೆ ಹೋಗಿಬಿಡುತ್ತೀರಿ, ಆಮೇಲೆ ಮುಟ್ಟುವ ಮೊದಲೇ ನಿಂತುಬಿಡುತ್ತೀರಿ. ಕೈ ಪಳಗುವವರೆಗೆ ಮಾಡಿ. ಇದು ಬಂದರೆ ಡಾಕ್‌ಗೆ ಮೆತ್ತಗೆ ಬಂದು ನಿಲ್ಲುವುದೂ ಬರುತ್ತದೆ. ಎರಡಕ್ಕೂ ಬೇಕಾದ ಅಂದಾಜು ಒಂದೇ. ನೀರಿನಲ್ಲಿರುವವರು ಹಿಡಿದು ಹತ್ತಲು ಏಣಿ ಇದೆಯಾ ಅಂತಲೂ ನೋಡಿಕೊಳ್ಳಿ. ಬಟ್ಟೆ ನೆನೆದ ದೊಡ್ಡವರನ್ನು ಇಬ್ಬರು ಸೇರಿ ಎಳೆದರೂ ಮೇಲೆ ತರುವುದು ಕಷ್ಟ.

ಎರಡು ಹಾಯಿಯ ದೋಣಿಗಳಲ್ಲಿ ಇನ್ನೊಂದು ಚಂದದ ಉಪಾಯ ಇದೆ. ಇಲ್ಲಿ ಅದಕ್ಕೆ ಹೀವ್ ಟು ಅನ್ನುತ್ತಾರೆ. ಎದುರುಗಾಳಿಗೆ ಓರೆಯಾಗಿ ಹೋಗುವಾಗ ದೋಣಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಆದರೆ ಮುಂದಿನ ಹಾಯಿ ಜಿಬ್‌ನ ಹಗ್ಗ ಬಿಡಬೇಡಿ. ಜಿಬ್ ಗಾಳಿ ಬರುವ ಬದಿಯಲ್ಲೇ ಉಳಿದು ದೋಣಿಯ ಮೂತಿಯನ್ನು ಆಚೆ ತಳ್ಳುತ್ತದೆ. ದೊಡ್ಡ ಹಾಯಿಯನ್ನು ಸ್ವಲ್ಪ ಸಡಿಲ ಬಿಡಿ. ಟಿಲ್ಲರನ್ನು, ಅಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೆಯನ್ನು, ಗಾಳಿ ಹೋಗುವ ಕಡೆ ತಳ್ಳಿ ಅಲ್ಲೇ ಕಟ್ಟಿ. ಚುಕ್ಕಾಣಿ ಮೂತಿಯನ್ನು ಗಾಳಿಯ ಕಡೆ ತಿರುಗಿಸಲು ನೋಡುತ್ತದೆ, ಜಿಬ್ ಬಿಡುವುದಿಲ್ಲ. ದೋಣಿ ಮೆಲ್ಲಗೆ ಪಕ್ಕಕ್ಕೆ ತೇಲುತ್ತಾ ಹೆಚ್ಚುಕಮ್ಮಿ ನಿಂತೇಬಿಡುತ್ತದೆ. ವಾಲುವುದು, ಕುಣಿಯುವುದು ಕಮ್ಮಿಯಾಗುತ್ತದೆ. ಊಟ ಮಾಡಬಹುದು, ನಕ್ಷೆ ನೋಡಬಹುದು, ಹೆದರಿದ ಮಗುವನ್ನು ಸಮಾಧಾನ ಮಾಡಬಹುದು. ಈ ಒಂದು ಪಾಠ ನನಗೆ ಕೊಟ್ಟ ಧೈರ್ಯವನ್ನು ಯಾವ ಜಿಪಿಎಸ್ಸೂ ಕೊಟ್ಟಿಲ್ಲ. ನಿಲ್ಲಬಲ್ಲೆ ಅಂತ ಗೊತ್ತಾದ ಮೇಲೆ ಹೋಗಲು ಭಯ ಆಗುವುದಿಲ್ಲ.

ಹೊರಡದೆ ಇರುವುದೂ ಈ ಕಲಿಕೆಯ ಭಾಗ ಅಂತ ನಾನು ನಂಬುತ್ತೇನೆ. ನಮ್ಮ ಕರಾವಳಿಗೆ ಇದು ಹೊಸದೇನಲ್ಲ. ಮಲ್ಪೆ, ಮಂಗಳೂರಿನ ಯಾಂತ್ರಿಕ ದೋಣಿಗಳು ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲೇ ಇರುತ್ತವೆ. ಅದು ಮೀನಿನ ಸಂತತಿ ಉಳಿಸಲೂ ಹೌದು, ಮಳೆಗಾಲದ ಕಡಲಿನ ಕಾರಣಕ್ಕೂ ಹೌದು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆ ಸೇರಿದ ಕೌಂಡಿನ್ಯವನ್ನು ನೆನಪಿಸಿಕೊಳ್ಳಿ. ಅಜಂತಾದ ಐದನೇ ಶತಮಾನದ ಚಿತ್ರ ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಡಗು ಅದು. ಅದರ ಚೌಕ ಹಾಯಿ ಹಿಂದಿನಿಂದ ಬರುವ ಗಾಳಿಗೆ ಒಗ್ಗುವಂಥದ್ದು. ಅಂಥ ಹಾಯಿ ಹಿಡಿದು ಕಡಲು ದಾಟುತ್ತಿದ್ದ ಹಿರಿಯರು ಮಾನ್ಸೂನ್ ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಬಂದರಿನಲ್ಲಿ ಕಾಯುತ್ತಿದ್ದರು. ನಮಗೆ ಶನಿವಾರ ಆಗದಿದ್ದರೆ ಮುಂದಿನ ಶನಿವಾರ ಇದೆ.

ಎಲ್ಲಿ ಕಲಿಯುವುದು ಅಂತ ಕೇಳಿದರೆ, ಸ್ವಂತ ದೋಣಿ ಇದ್ದರೂ ಮೊದಲು ಅದಕ್ಕಿಂತ ಚಿಕ್ಕದರಲ್ಲಿ ಕಲಿಯಿರಿ ಅನ್ನುತ್ತೇನೆ. ಬರ್ಕ್ಲಿಯಲ್ಲಿ ಸ್ವಯಂಸೇವಕರೇ ನಡೆಸುವ ಕ್ಯಾಲ್ ಸೇಲಿಂಗ್ ಕ್ಲಬ್ ಇದೆ. ಮೌಂಟನ್ ವ್ಯೂನ ಶೋರ್‌ಲೈನ್ ಕೆರೆಯಲ್ಲಿ ಪುಟ್ಟ ದೋಣಿ ಬಾಡಿಗೆಗೆ ಸಿಗುತ್ತದೆ. ಬೇಕಂತಲೇ ಮಗುಚಿಸಿ, ಸೆಂಟರ್‌ಬೋರ್ಡ್ (ದೋಣಿಯ ತಳದಿಂದ ನೀರಿಗೆ ಇಳಿಬಿಡುವ ಹಲಗೆ) ಮೇಲೆ ನಿಂತು ಎತ್ತುವುದನ್ನು ಇಂಥ ಕಡೆ ಕಲಿಯಿರಿ. ಒದ್ದೆಯಾಗುವ ಭಯ ಹೋದರೆ ಕೈ ಸಡಿಲವಾಗುತ್ತದೆ. ಆಮೇಲೆ ದೊಡ್ಡ ದೋಣಿಗೆ ಬಂದಾಗ ಹಗ್ಗ ಬಿಡುವುದು ತಾನಾಗಿ ಬರುತ್ತದೆ.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಹೆಚ್ಚಿನ ಮನೆಗಳಲ್ಲಿ ಕೋರ್ಸ್ ಮಾಡುವುದು ಗಂಡ, ಹೆಂಡತಿ ಮಕ್ಕಳನ್ನು ಹಿಡಿದುಕೊಂಡು ಕೂತಿರುತ್ತಾಳೆ. ನೀರಿಗೆ ಬಿದ್ದವನು ಆ ಗಂಡನೇ ಆದರೆ? ದೋಣಿಯಲ್ಲಿ ಇನ್ನೊಬ್ಬರಿಗಾದರೂ ಹಗ್ಗ ಬಿಟ್ಟು ದೋಣಿ ನಿಲ್ಲಿಸಲು, ಅಷ್ಟೂ ಹಾಯಿ ಇಳಿಸಲು, ರೇಡಿಯೋದ ಚಾನೆಲ್ 16ರಲ್ಲಿ ಕೋಸ್ಟ್ ಗಾರ್ಡ್ ಕರೆದು ಎಲ್ಲಿದ್ದೇವೆ ಅಂತ ಹೇಳಲು ಬರಲೇಬೇಕು. ಮುಂದಿನ ಸಲ ಹೊರಟಾಗ ಟಿಲ್ಲರ್ ಅವರ ಕೈಗೆ ಕೊಡಿ. ಕುಶನ್ ಎಸೆಯುವ ಕೆಲಸ ನೀವು ಮಾಡಿ.