ಆರ್ಡರ್ ಇತ್ತು, ಸರಿ. ಬೇಡ ಅಂದಿದ್ದರೆ ಏನಾಗುತ್ತಿತ್ತು?

ಹಳೇಬೀಡಿಗೆ ಹೋದವರು ನಂದಿ ನೋಡುತ್ತಾರೆ, ಗೋಡೆಯ ಆನೆ ಸಾಲಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಹೊರಡುತ್ತಾರೆ. ಹೊಯ್ಸಳೇಶ್ವರ ಗುಡಿಯ ಪಕ್ಕದ ಗರುಡಗಂಬದ ಹತ್ತಿರ ನಿಲ್ಲುವವರು ಕಡಿಮೆ. ಸುಮಾರು 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ, ಅವನ ದಂಡನಾಯಕ ಕುವರ ಲಕ್ಷ್ಮ ಹೆಂಡತಿ ಮತ್ತು ತನ್ನ ಆಳುಗಳ ಸಮೇತ ಪ್ರಾಣ ಕೊಟ್ಟ ಕಥೆ ಆ ಕಂಬದ್ದು. ಹತ್ತಿರದಿಂದ ನೋಡಿದರೆ ಕತ್ತಿ ಹಿಡಿದು ತಮ್ಮ ತಲೆ ತಾವೇ ಕೊಯ್ದುಕೊಳ್ಳುತ್ತಿರುವ ವೀರರು ಕಾಣುತ್ತಾರೆ.

ಮೊನ್ನೆ ದೊಡ್ಡಪ್ಪನ ಜೊತೆ ಹೋಗಿದ್ದೆ. ಸುಬೇದಾರ್ ಆಗಿ ರಿಟೈರ್ ಆದವರು, ಈಗ ಬೇಲೂರು ಕಡೆ ಕಾಫಿ, ಮೆಣಸು ನೋಡಿಕೊಂಡಿದ್ದಾರೆ. "ನಿಷ್ಠೆ ಅಂದ್ರೆ ಇದು ಕಣೋ" ಅಂದರು. ವಾಪಸ್ ಬರುವಾಗ ಮಾತು ಎಲ್ಲೆಲ್ಲಿಗೋ ಹೋಗಿ ಹಿಟ್ಲರನ ಕಾಲದ ಸೈನಿಕರಿಗೆ ಬಂದು ನಿಂತಿತು. "ಪಾಪ, ಅವರೇನು ಮಾಡ್ತಾರೆ? ಮೇಲಿಂದ ಆರ್ಡರ್. ಬೇಡ ಅಂದಿದ್ರೆ ಇವರನ್ನೇ ಗೋಡೆಗೆ ನಿಲ್ಲಿಸಿ ಹೊಡೀತಿದ್ರು."

ನಮ್ಮಲ್ಲಿ ಬಹಳ ಜನ ನಂಬಿರುವುದೂ ಇದನ್ನೇ. ಆದರೆ ಇದು ನಿಜ ಅಲ್ಲ. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ದಶಕಗಟ್ಟಲೆ ವಿಚಾರಣೆ ನಡೆದವು. ನಿರಾಯುಧರನ್ನು ಕೊಲ್ಲಲು ಒಪ್ಪದ್ದಕ್ಕೆ ಯಾರಿಗಾದರೂ ಮರಣದಂಡನೆ ಆಯಿತು ಅನ್ನುವ ಒಂದೇ ಒಂದು ಪ್ರಕರಣವನ್ನೂ ಆರೋಪಿಗಳ ವಕೀಲರಿಗೆ ತೋರಿಸಲು ಆಗಲಿಲ್ಲ.

ಪೋಲೆಂಡಿನ ಯೂಜೆಫುವ್ ಎಂಬ ಊರಿನ ಕಥೆ ಕೇಳಿ. 1942ರ ಜುಲೈ 13, ಬೆಳಗಿನ ಜಾವ. ಹ್ಯಾಂಬರ್ಗ್‌ನಿಂದ ಬಂದ 101ನೇ ಮೀಸಲು ಪೊಲೀಸ್ ಪಡೆ, ಐನೂರರ ಹತ್ತಿರ ಜನ. ಹರೆಯದ ಹುಡುಗರಲ್ಲ, ಹೆಚ್ಚಿನವರು ಸಂಸಾರಸ್ಥರು. ಬಂದರಿನ ಕೂಲಿಗಳು, ಲಾರಿ ಡ್ರೈವರ್‌ಗಳು, ಗುಮಾಸ್ತರು. ಅವರ ಮೇಜರ್ ವಿಲ್ಹೆಲ್ಮ್ ಟ್ರಾಪ್ ಅವತ್ತಿನ ಕೆಲಸ ಹೇಳಿದ: ಊರಿನ ಯಹೂದಿಗಳಲ್ಲಿ ದುಡಿಯುವ ವಯಸ್ಸಿನ ಗಂಡಸರನ್ನು ಬೇರೆ ಮಾಡಿ, ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಟ್ಟು ಕೊಲ್ಲಬೇಕು. ಹೇಳುವಾಗ ಅವನಿಗೇ ಅಳು ಬಂದಿತ್ತಂತೆ. ಆಮೇಲೆ ಅವನು ಇನ್ನೊಂದು ಮಾತು ಸೇರಿಸಿದ. ವಯಸ್ಸಾದವರಲ್ಲಿ ಯಾರಿಗೆ ಇದು ಆಗುವುದಿಲ್ಲವೋ ಅವರು ಈಗಲೇ ಹೊರಗೆ ಬರಬಹುದು.

ಮುಂದೆ ಬಂದವರು ಹತ್ತು ಹನ್ನೆರಡು ಮಂದಿ. ಬಂದೂಕು ಒಪ್ಪಿಸಿ ಪಕ್ಕಕ್ಕೆ ನಿಂತರು, ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಶುರುವಾದ ಮೇಲೆ ಇನ್ನಷ್ಟು ಜನ ತಡೆಯಲಾಗದೆ ಬಿಡಿಸಿಕೊಂಡರು, ಸುಮ್ನೆ ಎಲ್ಲೋ ಕಣ್ಮರೆಯಾದವರೂ ಇದ್ದರು. ಅವರಿಗೂ ಏನೂ ಆಗಲಿಲ್ಲ. ಉಳಿದವರು ಸಂಜೆಯ ತನಕ ಕಾಡಿನಲ್ಲಿ ಸುಮಾರು 1,500 ಜನರನ್ನು ಕೊಂದರು.

ವರ್ಷಗಳ ಮೇಲೆ ತನಿಖೆಯಲ್ಲಿ ಒಬ್ಬನು ಕೊಟ್ಟ ಹೇಳಿಕೆ ಓದಿ ನನಗೆ ಅವತ್ತು ನಿದ್ದೆ ಬರಲಿಲ್ಲ. ಪಕ್ಕದವನು ತಾಯಂದಿರಿಗೆ ಗುಂಡು ಹಾಕುತ್ತಿದ್ದ, ತಾಯಿ ಇಲ್ಲದ ಮೇಲೆ ಮಗು ಹೇಗಿದ್ದರೂ ಬದುಕಲ್ಲ, ಹಾಗಾಗಿ ನಾನು ಮಕ್ಕಳಿಗೆ ಮಾತ್ರ ಹೊಡೆದೆ, ಎಂದಿದ್ದ. ಈ ಲೆಕ್ಕಾಚಾರ ಯಾವ ಆರ್ಡರಿನಲ್ಲಿ ಬರೆದಿತ್ತು ಹೇಳಿ? ಅವನ ತಲೆ ಅಷ್ಟು ಚೆನ್ನಾಗಿ ಓಡುತ್ತಿತ್ತು. ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವುದಕ್ಕೆ ಓಡುತ್ತಿತ್ತು ಅಷ್ಟೇ.

ಹಾಗಾದರೆ ಯಾಕೆ ಹೊರಗೆ ಬರಲಿಲ್ಲ? ಅವರಲ್ಲಿ ಕೆಲವರು ಹೇಳಿದ ಕಾರಣ ಎಷ್ಟು ಸಣ್ಣದು ಅಂದರೆ, ಜೊತೆಯವರ ಮುಂದೆ ಪುಕ್ಕಲ ಅನ್ನಿಸಿಕೊಳ್ಳಬೇಕಲ್ಲ ಅಂತ. ಜೊತೆಗೆ ಯಹೂದಿ ಅಂದರೆ ಮನುಷ್ಯನೇ ಅಲ್ಲ ಎಂದು ವರ್ಷಗಟ್ಟಲೆ ತಲೆಗೆ ತುಂಬಿದ್ದೂ ಸೇರಿತ್ತು. ಹೊರಗೆ ಬಂದವರಿಗೆ ಏನೂ ಆಗದಿದ್ದಾಗ, ಸಾವಿನ ಭಯ ಅನ್ನುವುದಕ್ಕೆ ಅಲ್ಲಿ ಆಧಾರವೇ ಇರಲಿಲ್ಲ.

ದೊಡ್ಡಪ್ಪ ಸುಲಭಕ್ಕೆ ಬಿಡುವ ಪೈಕಿ ಅಲ್ಲ. "ಸಿಪಾಯಿ ತಲೆಗೆ ಕಟ್ಟಿದ್ರೆ ಆರ್ಡರ್ ಕೊಟ್ಟೋನು ಬಚಾವ್ ಆಗ್ತಾನಲ್ಲೋ?" ಅಂದರು. ಮಾತು ಸರಿಯೇ. ಆದರೆ ಇದು ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗಲ್ಲ, ಒಬ್ಬನಿಗೆ ಜಾಸ್ತಿ ಹೋದರೆ ಇನ್ನೊಬ್ಬನಿಗೆ ಕಡಿಮೆ ಆಗಲು. ಆರ್ಡರ್ ಕೊಟ್ಟವನದು ಪೂರ್ತಿ, ಹೊಡೆದವನದೂ ಪೂರ್ತಿ. ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿಗೆ 1945ರಲ್ಲಿ ಮಾಡಿದ ನಿಯಮ ಕೂಡ ಇದನ್ನೇ ಹೇಳುತ್ತದೆ. ಮೇಲಿನವರ ಆಜ್ಞೆ ಇತ್ತು ಅಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ, ಬೇಕಿದ್ದರೆ ಶಿಕ್ಷೆ ಕಡಿಮೆ ಮಾಡಬಹುದು. ನಮ್ಮ 1950ರ ಸೇನಾ ಕಾಯ್ದೆಯಲ್ಲೂ ಮೀರಬಾರದು ಅಂತ ಇರುವುದು ಕಾನೂನುಬದ್ಧ ಆಜ್ಞೆಯನ್ನು. ಇದನ್ನು ಹೇಳಿದಾಗ ದೊಡ್ಡಪ್ಪ ನಕ್ಕರು. "ನಮಗೇ ಪಾಠ ಮಾಡ್ತೀಯಾ? ಅದು ನಮಗೆ ಗೊತ್ತಿರೋದೇ."

ಬೇಡ ಅಂದು ಬೆಲೆ ತೆತ್ತವರೂ ಇದ್ದಾರೆ, ಅದೂ ನಮ್ಮವರೇ. 1930ರ ಏಪ್ರಿಲ್ 23, ಪೇಶಾವರದ ಕಿಸ್ಸಾ ಖ್ವಾನಿ ಬಜಾರ್. ಅಬ್ದುಲ್ ಗಫಾರ್ ಖಾನರ ಬಂಧನದ ವಿರುದ್ಧ ಸೇರಿದ್ದ ಬರಿಗೈ ಜನರ ಮೇಲೆ ಗುಂಡು ಹಾರಿಸಲು ಗಢವಾಲ್ ರೈಫಲ್ಸ್‌ಗೆ ಆಜ್ಞೆ ಆಯಿತು. ಚಂದ್ರಸಿಂಗ್ ಗಢವಾಲಿ ಮತ್ತು ಅವರ ಜೊತೆಯವರು ಹಾರಿಸಲಿಲ್ಲ. ಮುಂದೆ ನಿಂತಿದ್ದವರು ಪಠಾಣರು, ಇವರು ಬೆಟ್ಟದ ಹಿಂದೂ ಹುಡುಗರು, ಬ್ರಿಟಿಷರ ಸಂಬಳ ತಿನ್ನುತ್ತಿದ್ದವರು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವ ಗಾದೆ ಅವರ ಕಡೆಯೂ ಇದ್ದೇ ಇರುತ್ತದೆ ಅಲ್ವಾ? ಕೋರ್ಟ್ ಮಾರ್ಷಲ್ ನಡೆದು ಚಂದ್ರಸಿಂಗ್‌ಗೆ ಜೀವಾವಧಿ ಶಿಕ್ಷೆ ಆಯಿತು. ಪೇಶಾವರದ್ದು ನರಮೇಧ ಅಲ್ಲ, ಗೊತ್ತು. ಆದರೆ ಸಿಪಾಯಿಯ ಎದುರಿಗಿದ್ದ ಪ್ರಶ್ನೆ ಅದೇ. ಯೂಜೆಫುವ್‌ನಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಸಾಕಿತ್ತು, ಇಲ್ಲಿ ಜೈಲು ಕಾದಿತ್ತು.

ನನ್ನನ್ನು ನಿಜಕ್ಕೂ ತಡವರಿಸುವ ಹಾಗೆ ಮಾಡುವುದು ದ್ರಾಜೆನ್ ಎರ್ದೆಮೋವಿಚ್ ಪ್ರಕರಣ. ಬೋಸ್ನಿಯಾದ ಸ್ರೆಬ್ರೆನಿಟ್ಸಾ ನರಮೇಧ, 1995ರ ಜುಲೈ 16. ಬೋಸ್ನಿಯಾದ ಸರ್ಬ್ ಸೇನೆಯವರು ಬ್ರಾನ್ಯೆವೋ ಎಂಬ ತೋಟಕ್ಕೆ ಬಸ್ಸುಗಳಲ್ಲಿ ಮುಸ್ಲಿಂ ಗಂಡಸರನ್ನು ತಂದು ಸಾಲಾಗಿ ನಿಲ್ಲಿಸಿ ಕೊಲ್ಲುತ್ತಿದ್ದರು. ಅದೇ ಸೇನೆಯ ಸಿಪಾಯಿ ಎರ್ದೆಮೋವಿಚ್, ಇಪ್ಪತ್ಮೂರರ ಹುಡುಗ, ಆಗಲ್ಲ ಅಂದ. ಅಷ್ಟು ಮರುಕ ಇದ್ದರೆ ನೀನೂ ಹೋಗಿ ಅವರ ಸಾಲಿನಲ್ಲೇ ನಿಲ್ಲು ಅಂದರು. ಮನೆಯಲ್ಲಿ ಹೆಂಡತಿ, ಎಳೆಗೂಸು. ಅವನು ಹೊಡೆದ, ತನ್ನ ಅಂದಾಜಿನಲ್ಲೇ ಎಪ್ಪತ್ತರಷ್ಟು ಜನರನ್ನು.

ಆಮೇಲೆ ಅವನೇ ಪತ್ರಕರ್ತರ ಮುಂದೆ ಬಾಯಿಬಿಟ್ಟ, ಹೇಗ್‌ನ ಅಂತರರಾಷ್ಟ್ರೀಯ ಯುದ್ಧಾಪರಾಧ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಪ್ರಾಣಭಯ ಇದ್ದರೂ ಅಮಾಯಕರನ್ನು ಕೊಂದಿದ್ದಕ್ಕೆ ಅದು ಪೂರ್ತಿ ರಕ್ಷಣೆ ಆಗದು ಎಂದು 1997ರಲ್ಲಿ ಮೇಲ್ಮನವಿ ಪೀಠದ ಐವರಲ್ಲಿ ಮೂವರು ಹೇಳಿದರು, ಇಬ್ಬರು ಒಪ್ಪಲಿಲ್ಲ. ಮೊದಲು ಹತ್ತು ವರ್ಷ ಇದ್ದ ಶಿಕ್ಷೆ ಮರುವರ್ಷ ಐದಕ್ಕೆ ಇಳಿಯಿತು. ನನಗೆ ಆ ಐದು ವರ್ಷ ಸರಿ ಅನ್ನಿಸುತ್ತದೆ. ಅವನು ಸತ್ತಿದ್ದರೂ ಆ ಎಪ್ಪತ್ತು ಜನ ಉಳಿಯುತ್ತಿರಲಿಲ್ಲ, ನಿಜ. ಆದರೂ ಸತ್ತವರ ಮನೆಯವರ ಮುಂದೆ ನಿಂತು ಇವನದೇನೂ ಇಲ್ಲ ಅನ್ನಲು ನನ್ನಿಂದಾಗದು. ಅವನನ್ನು ಆ ಹ್ಯಾಂಬರ್ಗ್ ಪೊಲೀಸರ ಜೊತೆ ಒಂದೇ ಸಾಲಿಗೆ ಸೇರಿಸಲೂ ಆಗದು.

ದೊಡ್ಡಪ್ಪ ಮಾತ್ರ, ಅವನನ್ನು ಪೂರ್ತಿ ಬಿಟ್ಟುಬಿಡಬೇಕಿತ್ತು ಅಂತ ಈಗಲೂ ವಾದ ಮಾಡುತ್ತಿದ್ದಾರೆ. ಹಾಸನದ ಕಡೆ ಮಿಲಿಟರಿ, ಪೊಲೀಸಿನಲ್ಲಿ ಇದ್ದು ಬಂದವರು ಈ ಗುಂಪಿನಲ್ಲಿ ತುಂಬಾ ಜನ ಇದ್ದೀರಿ. ನಿಮಗೇನನ್ನಿಸುತ್ತದೆ, ಬರೆಯಿರಿ. ಅವರಿಗೆ ಓದಿ ಹೇಳುತ್ತೇನೆ.