ಅರ್ಜಿ ಬರೆಯಲು ಬೇಕು, ಗೆಲ್ಲಿಸಲು ಬೇಡ

ತಾಲ್ಲೂಕು ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡವನಿಗೆ ಊರಿನ ಗುಟ್ಟುಗಳೆಲ್ಲ ಎರಡೆರಡು ಪ್ರತಿಯಲ್ಲಿ ಗೊತ್ತಿರುತ್ತವೆ. ಮೊನ್ನೆ ಅಂಗಡಿಯ ಬೆಂಚಿನ ಮೇಲೆ ಚಹಾ ಹೀರುತ್ತಿದ್ದ ಹಿರಿಯರೊಬ್ಬರು, "ಆ ಟೀಚರ್ ಹುಡುಗಿ 2028ರ ಚುನಾವಣೆಗೂ ನಿಲ್ಲುತ್ತಾಳಂತಲ್ಲ! ಒಳ್ಳೆಯವಳು, ಸುಮ್ಮನೆ ಸೇವೆ ಮಾಡಿಕೊಂಡು ಇರಬಾರದೇ?" ಎಂದರು. ಗಿರಾಕಿ ಎಂದು ನಾನು ಬಾಯಿ ಮುಚ್ಚಿಕೊಂಡೆ. ಅವರ ಸೊಸೆಯ ವಿಧವಾ ವೇತನ ಏಳು ತಿಂಗಳು ನಿಂತಿದ್ದಾಗ ಅರ್ಜಿ ಬರೆದು, ಖಜಾನೆಗೂ ನಾಡಕಚೇರಿಗೂ ಅಲೆದವಳು ಇದೇ ಹುಡುಗಿ. ಆ ಅರ್ಜಿ ಟೈಪ್ ಮಾಡಿದವನು ನಾನು.

ಅವಳು ನನಗಿಂತ ಹದಿನೈದು ವರ್ಷ ಚಿಕ್ಕವಳು, ಅಣ್ಣ ಎನ್ನುತ್ತಾಳೆ. ಆದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಸಂಜೆ ಸಮುದಾಯ ಭವನದಲ್ಲಿ ಮಕ್ಕಳಿಗೆ ಗಣಿತ, ರಾತ್ರಿ ಊಟ ಮುಗಿಸಿ ಬರುವ ಹೆಂಗಸರಿಗೆ ಅಕ್ಷರ. ಉಳಿದ ಹೊತ್ತೆಲ್ಲ ಅರ್ಜಿ. ಶೌಚಾಲಯಕ್ಕೆ ನೀರಿಲ್ಲದ ಶಾಲೆ, ಬಾಗಿಲು ತೆರೆಯದ ಅಂಗನವಾಡಿ, ಕೂಲಿ ಬಾರದ ನರೇಗಾ. ಅರ್ಜಿಯ ಕೊನೆಗೆ ನಾನು ರೂಢಿಯಂತೆ 'ತಮ್ಮ ವಿಧೇಯ' ಎಂದು ಹೊಡೆದರೆ, "ವಿಧೇಯ ಬೇಡ ಅಣ್ಣ, ಇಂತಿ ಸಾಕು" ಎಂದು ಅಳಿಸಿಸುತ್ತಿದ್ದಳು.

2023ರ ವಿಧಾನಸಭಾ ಚುನಾವಣೆಗೆ ಅವಳು ನಿಂತಾಗ ವಯಸ್ಸು 27. ವಿಧಾನಸಭೆಗೆ 25 ತುಂಬಿದರೆ ಸಾಕು. ಕೆಲವರು, "ಇನ್ನು ಮೂರು ವರ್ಷ ತಡೆದು ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ನಿಲ್ಲು, ಮರ್ಯಾದೆಯ ಚುನಾವಣೆ" ಎಂದು ಬುದ್ಧಿ ಹೇಳಿದರು. ಪರಿಷತ್ತಿಗೆ 30 ತುಂಬಬೇಕು ಎಂಬುದು ನಿಜ. ಆದರೆ ಆ ಕ್ಷೇತ್ರದಲ್ಲಿ ಮತ ಹಾಕುವವರು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದ ಶಿಕ್ಷಕರು. ಒಂದನೇ ತರಗತಿಯ ಮಗುವಿಗೆ 'ಅ' ತಿದ್ದಿಸುವವರಿಗೆ ಅಲ್ಲಿ ಮತವಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಅವಳ ರಾತ್ರಿಶಾಲೆಯ ಹೆಂಗಸರಿಗಂತೂ ಕೇಳುವುದೇ ಬೇಡ. ಅವಳು ಕೇಳಲಿಲ್ಲ. ಸರ್ಕಾರದ ಸಂಬಳ ಬರುವ 'ಲಾಭದ ಹುದ್ದೆ'ಯಲ್ಲಿದ್ದವರು ನಿಲ್ಲುವಂತಿಲ್ಲ ಎಂದು ಯಾರಾದರೂ ತಕರಾರು ತೆಗೆದಾರು ಎಂದು ಅತಿಥಿ ಶಿಕ್ಷಕಿಯ ಕೆಲಸವನ್ನು ಮೊದಲೇ ಬಿಟ್ಟು ಬಂದಳು.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಸಹಿ ಹಾಕಬೇಕು. ಹತ್ತು ಎಂದರೆ ಏನು ಮಹಾ ಎನ್ನಬೇಡಿ. ಬಾಯಲ್ಲಿ "ನಿನ್ನ ಹಿಂದೆ ನಾವಿದ್ದೇವೆ" ಎಂದವರಿಗೆ ಕಾಗದ ಚಾಚಿದ ಕೂಡಲೇ ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಬೆನ್ನುನೋವು. ಒಂಬತ್ತನೆಯವನು ನಾನು. ಹತ್ತನೆಯವರು ರಾತ್ರಿಶಾಲೆಯ ಅಜ್ಜಿ. ಹೆಬ್ಬೆಟ್ಟಾದರೆ ಚುನಾವಣಾಧಿಕಾರಿ ಅಥವಾ ಅಧಿಕಾರ ಪಡೆದ ಬೇರೊಬ್ಬ ಅಧಿಕಾರಿಯ ಮುಂದೆ ಒತ್ತಿ ದೃಢೀಕರಿಸಿಕೊಳ್ಳಬೇಕು, ಆ ರಗಳೆ ಬೇಡ, ಸಹಿಯನ್ನೇ ಹಾಕಿ ಎಂದೆವು. ಅಜ್ಜಿ ನನ್ನ ಅಂಗಡಿಯ ಗಾಜಿನ ಮೇಜಿಗೆ ಮೊಣಕೈ ಊರಿ, ಒಂದೊಂದು ಅಕ್ಷರಕ್ಕೂ ತುಟಿ ಅಲ್ಲಾಡಿಸುತ್ತ ಬರೆದರು. ಕೊನೆಯ 'ಮ್ಮ' ಚೌಕದ ಗೆರೆ ದಾಟಿ ಪಕ್ಕದ ಅಂಕಣಕ್ಕೆ ಹೋಯಿತು. ಅವಳ ಮುಖ ಬಿಳಚಿಕೊಂಡಿತು. ಬೇರೆ ನಮೂನೆ ತೆಗೆದುಕೊಟ್ಟೆ. ಎರಡನೆಯ ಸಲ ಅಜ್ಜಿ ಮೊದಲೇ ಬೆರಳಿನಿಂದ ಜಾಗ ಅಳೆದುಕೊಂಡರು.

ಠೇವಣಿ ಹತ್ತು ಸಾವಿರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಐದು ಸಾವಿರ. ಹಣ ಬಂದದ್ದು ಹತ್ತರ, ಇಪ್ಪತ್ತರ ನೋಟುಗಳಲ್ಲಿ. ನನಗೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ನೆನಪಾಯಿತು. 1951ರ ಕಾಗೋಡು ಗೇಣಿದಾರರ ಹೋರಾಟದ ಬೆನ್ನಿಗೇ 1952ರಲ್ಲಿ ಸಾಗರ ಭಾಗದಿಂದ ಗೆದ್ದು ಬಂದಾಗ ಅವರಿಗೂ ಮೂವತ್ತು ತುಂಬಿರಲಿಲ್ಲ. ಒಂದು ಓಟು, ಒಂದು ನೋಟು ಎಂಬ ಮಾತಿಗೆ ಜನ ಇಂದಿಗೂ ಅವರ ಹೆಸರನ್ನೇ ಜೋಡಿಸುತ್ತಾರೆ. ನಮ್ಮ ಕಡೆ ನೋಟು ಬಂತು, ಓಟಿನ ಕಥೆ ಮುಂದೆ ಹೇಳುತ್ತೇನೆ.

ನನಗೆ ಇಂದಿಗೂ ಆರದ ಸಂಕಟವೆಂದರೆ ನಾಮಪತ್ರದ ಜೊತೆ ಕೊಡುವ ಅಫಿಡವಿಟ್‌ನದು. ಅದರಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ, ಇಲ್ಲದಿದ್ದರೆ 'ಇಲ್ಲ' ಎಂದಾದರೂ ಬರೆಯಬೇಕು. ಭೂಮಿ ಇಲ್ಲ, ವಾಹನ ಇಲ್ಲ, ಶೇರು ಇಲ್ಲ, ಚಿನ್ನ ಕಿವಿಯಲ್ಲಿದ್ದಷ್ಟು. 'ಇಲ್ಲ' 'ಇಲ್ಲ' ಎಂದು ಹೊಡೆಯುತ್ತ ಬಂದ ನನ್ನ ಬೆರಳು ಕ್ರಿಮಿನಲ್ ಪ್ರಕರಣದ ಅಂಕಣದಲ್ಲಿ ನಿಂತಿತು. ಅಲ್ಲಿ ಅವಳಿಗೆ 'ಇದೆ'. ಐದು ತರಗತಿಗೆ ಒಬ್ಬರೇ ಶಿಕ್ಷಕರಿದ್ದ ಶಾಲೆಗೆ ಇನ್ನೊಬ್ಬರನ್ನು ಕೊಡಿ ಎಂದು ತಾಯಂದಿರ ಜೊತೆ ಅರ್ಧ ದಿನ ರಸ್ತೆಯಲ್ಲಿ ಕುಳಿತಿದ್ದಳು. ಆಗಿನ ಭಾರತೀಯ ದಂಡ ಸಂಹಿತೆಯಲ್ಲಿ ಅಕ್ರಮ ಕೂಟಕ್ಕೆ ಕಲಂ 143, ದಾರಿ ಅಡ್ಡಗಟ್ಟಿದ್ದಕ್ಕೆ 341. ಶಿಕ್ಷಕರು ಬಂದರು, ಪ್ರಕರಣವೂ ಉಳಿಯಿತು.

2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ಪ್ರಕರಣ ಇರುವ ಅಭ್ಯರ್ಥಿ ಅದನ್ನು ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆಯಲ್ಲೂ ಟಿವಿಯಲ್ಲೂ ಸಾರಬೇಕು, ತನ್ನ ಖರ್ಚಿನಲ್ಲಿ. ಅಕ್ಷರ 12 ಪಾಯಿಂಟ್‌ಗಿಂತ ಚಿಕ್ಕದಾಗಬಾರದು. ನಿಯಮ ಸರಿಯಾದದ್ದೇ, ಕೊಲೆ ಸುಲಿಗೆಯವರನ್ನು ಜನ ಗುರುತಿಸಲೆಂದು ಮಾಡಿದ್ದು. ಆದರೆ ಆ ನಮೂನೆಯಲ್ಲಿ ಕಲಂ ಸಂಖ್ಯೆಗೆ ಜಾಗವಿದೆ, ರಸ್ತೆಗೆ ಯಾಕೆ ಬಂದೆವು ಎಂಬುದಕ್ಕೆ ಇಲ್ಲ. ಅವಳು ರಸ್ತೆಯಲ್ಲಿ ಕುಳಿತ ದಿನ ಯಾವ ಪತ್ರಿಕೆಯೂ ಒಂದು ಸಾಲು ಹಾಕಿರಲಿಲ್ಲ. ತಾನು ಆರೋಪಿ ಎಂಬ ಸುದ್ದಿಯನ್ನು ಅವಳೇ ದುಡ್ಡು ಕಟ್ಟಿ ಮೂರು ಸಲ ಹಾಕಿಸಿದಳು. ನಮ್ಮ ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ಎಂದು ಓದಿದಾಗಲೆಲ್ಲ ನಗು ಬರುತ್ತದೆ. ಪಕ್ಷಗಳ ಖರ್ಚಿಗೆ ಆ ಮಿತಿಯೂ ಇಲ್ಲ.

ಚಿಹ್ನೆಗೆ ಕಪ್ಪು ಹಲಗೆ ಕೇಳಿದೆವು. ಸಿಕ್ಕಿದ್ದು ಪ್ರೆಷರ್ ಕುಕ್ಕರ್. ಚುನಾವಣೆ ಬಂದರೆ ಮನೆಮನೆಗೆ ಕುಕ್ಕರ್ ಹಂಚುವ ನಾಡಿನಲ್ಲಿ ಕುಕ್ಕರ್ ಚಿತ್ರದ ಕರಪತ್ರ ಹಿಡಿದು ಹೋದರೆ ಏನಾಗುತ್ತದೆ ಹೇಳಿ. "ಚೀಟಿ ಇಟ್ಟುಕೊಳ್ಳಿ, ಕುಕ್ಕರ್ ಯಾವತ್ತು ಬರುತ್ತದೆ?" ಎಂದು ಕೇಳಿದವರನ್ನು ಮೂರು ದಿನ ಎಣಿಸಿದೆ, ಆಮೇಲೆ ಬಿಟ್ಟೆ. ಅವಳು ಮಾತ್ರ ಪ್ರತಿ ಮನೆಯಲ್ಲೂ ನಿಂತು, "ಅಮ್ಮ, ಇದು ಗುರುತು, ಕೊಡುಗೆ ಅಲ್ಲ" ಎಂದು ಪಾಠ ಹೇಳಿದಂತೆ ಹೇಳುತ್ತಿದ್ದಳು. ಒಂದು ಮನೆಗೆ ಹತ್ತು ನಿಮಿಷ. ನಾಮಪತ್ರ ಹಿಂಪಡೆಯುವ ಗಡುವು ಏಪ್ರಿಲ್ 24, ಮತದಾನ ಮೇ 10. ಹದಿನೈದು ದಿನದಲ್ಲಿ ಹತ್ತು ನಿಮಿಷಕ್ಕೊಂದು ಮನೆಯಂತೆ ಎಷ್ಟು ಮನೆ ಮುಗಿದೀತು? ಅವಳಿಗೆ ಭಾಷಣ ಬರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಮೈಕ್ ಹಿಡಿದರೆ ಹಾಜರಿ ಕೂಗುವ ದನಿ.

ಚಲಾಯಿತ ಸಿಂಧು ಮತಗಳ ಆರನೇ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಠೇವಣಿ ಹೋಗುತ್ತದೆ. ಒಂದೂವರೆ ಲಕ್ಷ ಮತವಾದರೆ 25,000 ದಾಟಬೇಕು. ಅವಳಿಗೆ ಬಂದದ್ದು ಸಾವಿರದ ಮೇಲೆ ಸ್ವಲ್ಪ. ರಾಜ್ಯದ 224 ಸ್ಥಾನಗಳಲ್ಲಿ ಆ ಸಲ ಗೆದ್ದ ಮಹಿಳೆಯರೇ ಹತ್ತು ಮಂದಿ, ಪಕ್ಷೇತರರು ಇಬ್ಬರು. ಹಾಗಾಗಿ ಸೋಲಿಗೆ ನಾನು ಆಶ್ಚರ್ಯಪಡಲಿಲ್ಲ. ಹೊಟ್ಟೆ ಉರಿದದ್ದು ಎಣಿಕೆಯ ಮರುದಿನ. ಬೆಳಿಗ್ಗೆ ಒಂಬತ್ತಕ್ಕೇ ನನ್ನ ಅಂಗಡಿಯ ಮುಂದೆ ನಾಲ್ವರು, "ಟೀಚರ್ ಎಲ್ಲಿ, ಒಂದು ಅರ್ಜಿ ಬರೆಸಬೇಕಿತ್ತು" ಎಂದು ನಿಂತಿದ್ದರು. ನಾಲ್ವರಲ್ಲಿ ಮೂವರು ಯಾರಿಗೆ ಮತ ಹಾಕಿದ್ದರು ಎಂಬುದು ನನಗೆ ಚೆನ್ನಾಗಿ ಗೊತ್ತು. ಅವರೇ ಹೇಳಿಕೊಂಡು ತಿರುಗಿದ್ದರು.

ಇದಕ್ಕೇ ಬೆಂಚಿನ ಹಿರಿಯರಿಗೆ ಉತ್ತರ ಕೊಡಬೇಕು ಅನ್ನಿಸಿದ್ದು. ಸ್ವಾಮಿ, ನೀವು ಹೇಳುವ ಸೇವೆ ಎಂದರೆ ಶಾಸಕರ ಮನೆಯ ಗೇಟಿನ ಹೊರಗೆ ನಿಮ್ಮ ಕಾಗದ ಹಿಡಿದು ಅವಳು ನಿಲ್ಲುವುದು. ಗೇಟಿನ ಒಳಗಿನ ಕುರ್ಚಿಯಲ್ಲಿ ಕುಳಿತು ಅದೇ ಕಾಗದ ಓದುತ್ತೇನೆ ಎಂದರೆ ಅದು ನಿಮಗೆ ಆಸೆಬುರುಕತನವಾಗಿ ಕಾಣುತ್ತದೆ. ನರೇಗಾ ಕೂಲಿ ಯಾವ ಮೇಜಿನಲ್ಲಿ ಸಿಕ್ಕಿಕೊಳ್ಳುತ್ತದೆ, ಶಾಲೆಯ ಕೊಠಡಿಯ ಹಣ ಯಾವ ಸಹಿಗೆ ಕಾಯುತ್ತದೆ ಎಂದು ಅವಳಿಗೆ ಗೊತ್ತಿರುವಷ್ಟು ನಮ್ಮ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ಗೊತ್ತಿಲ್ಲ. ಹತ್ತು ವರ್ಷದ ಪ್ರತಿಗಳು ನನ್ನ ಕಂಪ್ಯೂಟರಿನಲ್ಲಿವೆ, ಬಂದು ನೋಡಿ.

ನಿನ್ನೆ ಸಂಜೆ ಬಂದಿದ್ದಳು. ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6, ಅರವತ್ತು ಪ್ರತಿ ಬೇಕಂತೆ. ಸಂಜೆಯ ಗಣಿತದ ಮಕ್ಕಳಿಗೆ ಹದಿನೆಂಟು ತುಂಬಿದೆ.

"ಹಾಗಾದರೆ ನಿಲ್ಲುವುದು ಖಚಿತವೇ?" ಎಂದು ಕೇಳಿದೆ.

"ಎರಡೂ ಬದಿ ಮುದ್ರಿಸಿ ಅಣ್ಣ, ಕಾಗದ ಉಳಿಯುತ್ತದೆ" ಎಂದಳು.

ದುಡ್ಡು ಬೇಡ ಎಂದೆ. ಎಣಿಸಿ ಮೇಜಿನ ಮೇಲಿಟ್ಟು ರಸೀದಿ ಕೇಳಿದಳು.